ಜನಪದೋದ್ಧ್ವಂಸವೂ ಪ್ರಯೋಗಶಾಲೆಯೂ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಅಧ್ಯಾಯವೊಂದುಂಟು. ಪಾಂಚಾಲದೇಶದ ಕಾಂಪಿಲ್ಯದ ಬಳಿ ಗಂಗಾತೀರದಲ್ಲಿ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನು, ಭೂಮಿಯು ವಿರಸವಾಗುವುದಕ್ಕೆ ಮೊದಲೇ ಓಷಧಿಗಳನ್ನು ಸಂಗ್ರಹಿಸಿಡಬೇಕೆಂದು ಶಿಷ್ಯನಾದ ಅಗ್ನಿವೇಶನಿಗೆ ವಿಧಿಸುತ್ತಾನೆ. ವಾಯು, ಉದಕ, ದೇಶ, ಕಾಲಗಳು ಕೆಟ್ಟಾಗ ಭಿನ್ನಪ್ರಕೃತಿಯ ಜನರೂ ಏಕಕಾಲದಲ್ಲಿ ಒಂದೇ ವ್ಯಾಧಿಗೆ ತುತ್ತಾಗುವರೆಂಬುದು ಅಲ್ಲಿಯ ಸಿದ್ಧಾಂತ. ಕಾರಣವಿಚಾರವು ಇಂದು ಬೇರೆಯಾಗಿದೆ. ಸಿದ್ಧತೆಯು ವ್ಯಾಧಿಗಿಂತ ಮುಂದಿರಬೇಕೆಂಬ ವಿಧಿಯು ಮಾತ್ರ ಸವೆದಿಲ್ಲ. ಭಾರತದ ಪ್ರಯೋಗಶಾಲೆಗಳ ಚರಿತ್ರೆಯೇ ಇದಕ್ಕೆ ಪ್ರಮಾಣ.

1896ರಲ್ಲಿ ಮುಂಬಯಿಗೆ ಪ್ಲೇಗು ತಗುಲಿದಾಗ ಅದರ ಶೋಧನೆಗೆಂದೇ ಏರ್ಪಟ್ಟ ಪ್ರಯೋಗಶಾಲೆ ಅಲ್ಲಿರಲಿಲ್ಲ. ವಾಲ್ಡೆಮಾರ್ ಹಾಫ್‌ಕಿನ್ ಅವರನ್ನು ಕಲ್ಕತ್ತೆಯಿಂದ ಕರೆಸಬೇಕಾಯಿತು. ಗ್ರಾಂಟ್ ವೈದ್ಯಕಾಲೇಜಿನಲ್ಲಿ ದೊರೆತ ಅಲ್ಪ ಸ್ಥಳದಲ್ಲಿಯೇ ಅವರು ಲಸಿಕೆಯನ್ನು ಸಿದ್ಧಗೊಳಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಪರೇಲಿನಲ್ಲಿ ವಿಶಾಲವಾದ ಪ್ರಯೋಗಶಾಲೆಯು ತೆರೆದುದು 1899ರಲ್ಲಿ. ಅಷ್ಟರೊಳಗೆ, 1898ರಲ್ಲಿಯೇ, ಮಾರಿಯು ಬೆಂಗಳೂರನ್ನೂ ಮುಟ್ಟಿತ್ತು.

ಇದಕ್ಕೆ ವಿಪರೀತವಾದ ನಿದರ್ಶನವು ಮಲೆನಾಡಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು; ಸುತ್ತಣ ಹಳ್ಳಿಗರು ಜ್ವರದಿಂದ ಮಲಗಿದರು. ಮಂಗಗಳೂ ಸಾಯುವುದರಿಂದ ಇದು ಹಳದಿ ಜ್ವರವಿರಬಹುದೆಂಬ ಶಂಕೆ ಹುಟ್ಟಿತು. ಆದರೆ ಪುಣೆಯಲ್ಲಿ ವೈರಸ್ ಸಂಶೋಧನ ಕೇಂದ್ರವು 1952ರಲ್ಲಿಯೇ ಸ್ಥಾಪಿತವಾಗಿದ್ದಿತು. ಅಲ್ಲಿಯ ವಿಜ್ಞಾನಿಗಳು ರೋಗಾಣುವನ್ನು ಬೇರ್ಪಡಿಸಿ, ಇದು ಹಳದಿ ಜ್ವರವಲ್ಲವೆಂದೂ, ರಷ್ಯಾದೇಶದ ಒಂದು ಮಿದುಳುಜ್ವರದ ಸಜಾತೀಯವೆಂದೂ, ಉಣುಗುಗಳಿಂದ ಹರಡತಕ್ಕುದೆಂದೂ ನಿರ್ಣಯಿಸಿದರು. ಐದು ವರ್ಷ ಮೊದಲೇ ಕಟ್ಟಿದ್ದ ಶಾಲೆಯ ಫಲವಿದು. ನಿದಾನಮಾತ್ರದಿಂದ ರೋಗವು ಅಳಿಯಲಿಲ್ಲವೆಂಬುದೂ ಸತ್ಯ. ಮಂಗನ ಕಾಯಿಲೆಯು ಅನಂತರವೂ ಮಲೆನಾಡನ್ನು ಕಾಡಿತು, 2012ರಲ್ಲಿ ಬಂಡೀಪುರದಲ್ಲಿಯೂ ಕಾಣಿಸಿಕೊಂಡಿತು. ಆದರೆ ಹೆಸರರಿಯದ ಶತ್ರುವಿನೊಡನೆ ಹೋರಾಡುವ ಕಷ್ಟವು ತಪ್ಪಿತು.

1978ರಲ್ಲಿ ರಾಷ್ಟ್ರೀಯ ಸಂಸ್ಥೆಯೆಂಬ ನಾಮವನ್ನು ಪಡೆದ ಆ ಕೇಂದ್ರವೇ, 2020ರ ಜನವರಿಯಲ್ಲಿ ಕೇರಳದಿಂದ ಬಂದ ಮಾದರಿಯಲ್ಲಿ ಭಾರತದ ಮೊದಲನೆಯ ಕೋವಿಡ್ ಪ್ರಕರಣವನ್ನು ದೃಢಪಡಿಸಿತು. ಮೊದಲ ರೋಗಿಯನ್ನು ಗುರುತಿಸಲು ಒಂದು ಶಾಲೆ ಸಾಕಾಯಿತು. ದೇಶವನ್ನೆಲ್ಲ ಪರೀಕ್ಷಿಸಲು ಸಾಲದಾಯಿತು. ಜೂನ್ ತಿಂಗಳೊಳಗಾಗಿ ಅಂತಹ ಪರೀಕ್ಷಾಲಯಗಳ ಸಂಖ್ಯೆ ಸಾವಿರವನ್ನು ಮುಟ್ಟಿತು. ಆಪತ್ಕಾಲದಲ್ಲಿ ತ್ವರೆಯಿಂದ ಹೂಡಿದ ಇವುಗಳನ್ನು, ಅವುಗಳಲ್ಲಿ ನುರಿತ ಜನರನ್ನು, ರೋಗವಿಲ್ಲದ ವರ್ಷಗಳಲ್ಲಿ ಪೋಷಿಸುವುದೇ ಆತ್ರೇಯನ ವಿಧಿಯ ಇಂದಿನ ಅರ್ಥ. ಓಷಧಿಯನ್ನು ಕೀಳುವ ಕಾಲವು ಭೂಮಿಯು ಸರಸವಾಗಿರುವಾಗಲೇ ಹೊರತು ಅನಂತರವಲ್ಲ.