ಮಲ್ಲವಿನೋದ ಮತ್ತು ಅಂಗೈಯ ಕಾಳಗದಾಟ: ಮೊದಲ ಪಾಠವನ್ನು ಕುರಿತು ಒಂದು ವಿಚಾರ

ಚರಿತ್ರೆಯ ಆಕರಗಳು ಗೆದ್ದವರನ್ನು ಹೆಸರಿಸುತ್ತವೆ, ಬಿದ್ದವರನ್ನು ಒಮ್ಮೊಮ್ಮೆ ನೆನೆಯುತ್ತವೆ. ಕಲಿಯುತ್ತಿದ್ದವರ ವಿಷಯದಲ್ಲಿ ಮಾತ್ರ ಬಹುಮಟ್ಟಿಗೆ ಮೌನವಾಗಿರುತ್ತವೆ. ವೀರಗಲ್ಲಿನ ಮೇಲೆ ಖಡ್ಗಧಾರಿಯಾಗಿ ನಿಂತಿರುವ ಯೋಧನು ಆ ಖಡ್ಗವನ್ನು ಮೊದಲ ದಿನ ಹೇಗೆ ಹಿಡಿದನು, ಯಾರು ಅವನ ಹಿಡಿತವನ್ನು ತಿದ್ದಿದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಈ ಲೇಖಕನು ವಾಸಿಸುವ ಜಕ್ಕೂರಿನಲ್ಲಿ 1948ರಲ್ಲಿ ಸ್ಥಾಪಿತವಾದ ಸರ್ಕಾರೀ ವಿಮಾನ ಚಾಲನಾ ಶಾಲೆಯಿದೆ. ವಿಮಾನ ನಡೆಸಲು ಕಲಿಯುವವನ ಪ್ರತಿಯೊಂದು ಗಂಟೆಯ ಹಾರಾಟವೂ ದಿನಚರಿಯಲ್ಲಿ ದಾಖಲಾಗಬೇಕೆಂಬುದು ಆ ವಿದ್ಯೆಯ ನಿಯಮ. ಆದುದರಿಂದ ಮುಂದೆಂದಾದರೂ ವಿಮಾನವಿದ್ಯೆಯ ಚರಿತ್ರೆಯನ್ನು ಬರೆಯುವವನಿಗೆ ಹೊಸಬನ ತಡವರಿಕೆಗಳೂ ಆಕರವಾಗಿ ದೊರೆಯುತ್ತವೆ. ಕಾಳಗದ ವಿದ್ಯೆಗೆ ಇಂತಹ ದಿನಚರಿಯಿಲ್ಲ. ಹಾಗಾದರೆ ಅದರ ಮೊದಲ ಪಾಠವನ್ನು ಅರಿಯುವುದು ಹೇಗೆ? ಪ್ರಕೃತ ಲೇಖನದಲ್ಲಿ ವಿಚಾರಣೀಯವಾದ ಅಂಶ ಇದೇ.

ಇದಕ್ಕಾಗಿ ಎರಡು ಸಾಕ್ಷ್ಯಗಳನ್ನು ಎದುರುಬದುರಾಗಿ ಇಟ್ಟು ನೋಡಲಾಗಿದೆ. ಒಂದು, ಹನ್ನೆರಡನೆಯ ಶತಮಾನದ ಕರ್ನಾಟಕದಲ್ಲಿ ರಚಿತವಾದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣ. ಮತ್ತೊಂದು, ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜಪಾನಿನಿಂದ ಹೊರಟು ಲೋಕವನ್ನೆಲ್ಲ ಸುತ್ತಿದ ಅಂಗೈ ಯಂತ್ರದ ಕಾಳಗದಾಟ. ಹುಡುಗರ ಆಟಿಕೆಯನ್ನು ಚಕ್ರವರ್ತಿಯ ಗ್ರಂಥದ ಪಕ್ಕದಲ್ಲಿ ಇಡಬಹುದೆ ಎಂದು ಹಿರಿಯ ಅಧ್ಯಾಪಕರು ಹುಬ್ಬೇರಿಸಬಹುದು. ಆದರೆ ಆ ಚಕ್ರವರ್ತಿಯೇ ತನ್ನ ಗ್ರಂಥದಲ್ಲಿ ಮಲ್ಲರ ಪಕ್ಕದಲ್ಲಿಯೇ ಹುಂಜದ ಕಾಳಗಕ್ಕೂ ಟಗರಿನ ಕಾಳಗಕ್ಕೂ ಸ್ಥಾನ ಕೊಟ್ಟಿದ್ದಾನೆ. ಕೊನೆಯ ಭಾಗವನ್ನಂತೂ ಪೂರ್ತಿಯಾಗಿ ಆಟಗಳಿಗೇ ಬಿಟ್ಟಿದ್ದಾನೆ. ಅವನಿಗಿಲ್ಲದ ಮಡಿವಂತಿಕೆ ನಮಗೇಕೆ?

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರೂ ಉಂಟು. ಐದು ವಿಂಶತಿಗಳು, ಒಂದೊಂದು ವಿಂಶತಿಗೂ ಇಪ್ಪತ್ತು ಅಧ್ಯಾಯಗಳು. ಹೀಗೆ ಒಟ್ಟು ನೂರು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರು ಸಂಪಾದಿಸಿದ ಇದರ ಮೂರು ಸಂಪುಟಗಳು 1925, 1939 ಮತ್ತು 1961ರಲ್ಲಿ ಪ್ರಕಟವಾದವು. ನಾಲ್ಕನೆಯ ವಿಂಶತಿ ರಾಜನ ವಿನೋದಗಳಿಗೆ ಮೀಸಲು. ಮಲ್ಲವಿನೋದವು ಇರುವುದು ಅಲ್ಲಿ.

ಈ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಮತ್ತು ಕೌಶಲಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಲಾಗಿದೆ. ಅವರಿಗೆ ಅರಮನೆಯಿಂದ ಸಲ್ಲಬೇಕಾದ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಭಕ್ಷ್ಯಗಳ ವಿಚಾರವಿದೆ. ಅವರು ಮಾಡಬೇಕಾದ ಶ್ರಮಗಳ, ಎಂದರೆ ಸಾಧನೆಗಳ, ಹೆಸರುಗಳಿವೆ: ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ನೂಕುವ ಬಾಹುಪೆಲ್ಲಣಕಶ್ರಮ, ಕಂಬವನ್ನು ಆಶ್ರಯಿಸಿ ಮಾಡುವ ಸ್ತಂಭಶ್ರಮ. ಪಟ್ಟುಗಳ ಹೆಸರುಗಳೂ ಇವೆ. ಆದರೆ ಒಂದು ಪಟ್ಟನ್ನು ಹಾಕುವಾಗ ಎಡಗಾಲು ಎಲ್ಲಿರಬೇಕು, ಕೈ ಎದುರಾಳಿಯ ಕತ್ತಿಗೆ ಹೋಗಬೇಕೆ ಸೊಂಟಕ್ಕೆ ಹೋಗಬೇಕೆ, ಉಸಿರನ್ನು ಯಾವಾಗ ಬಿಗಿಹಿಡಿಯಬೇಕು ಎಂಬ ವಿವರಣೆಗಳನ್ನು ಹುಡುಕಿದವನಿಗೆ ನಿರಾಶೆಯೇ ಗತಿ. ಹೆಸರುಂಟು, ಪಾಠವಿಲ್ಲ.

ಇದು ಗ್ರಂಥಕರ್ತನ ಅಜ್ಞಾನದ ಫಲವಲ್ಲ. ಪ್ರಕರಣದ ಹೆಸರೇ ಕಾರಣವನ್ನು ಸೂಚಿಸುತ್ತದೆ. ಇದು ಮಲ್ಲಶಿಕ್ಷಣವಲ್ಲ, ಮಲ್ಲವಿನೋದ. ಬರೆದಿರುವುದು ನೋಡುವವನ ಪೀಠದಿಂದ. ಯಾವ ಮಲ್ಲನನ್ನು ಸಾಕಬೇಕು, ಯಾರಿಗೆ ಯಾರನ್ನು ಜೋಡಿ ಹಾಕಬೇಕು, ಕಾದಾಟವನ್ನು ಹೇಗೆ ಏರ್ಪಡಿಸಬೇಕು ಎಂಬುದು ರಾಜನಿಗೆ ಬೇಕಾದ ತಿಳಿವಳಿಕೆ. ಕಾಲಿಡುವ ಕ್ರಮವನ್ನು ತಿಳಿದವನು ಮಲ್ಲ. ಅವನು ಅದನ್ನು ಬರೆದಿಡುವ ಗೊಡವೆಗೆ ಹೋಗಲಿಲ್ಲ. ಒಂದು ವಿದ್ಯೆಯಲ್ಲಿ ಪಳಗಿದವನಿಗೆ ಅದರ ಪ್ರಾರಂಭವು ಹೇಳತಕ್ಕ ವಿಷಯವೆಂದೇ ತೋರುವುದಿಲ್ಲವೆಂಬುದನ್ನು ಪಾಠ ಹೇಳುವ ನಾವೆಲ್ಲರೂ ದಿನವೂ ಕಾಣುತ್ತೇವೆ.

ರಾಜರು ಬರಿಯ ಪ್ರೇಕ್ಷಕರಾಗಿದ್ದರೆಂದು ಇದರಿಂದ ಭಾವಿಸಲಾಗದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಂಜಾವಿನ ದಿನಚರಿಯನ್ನು ವರ್ಣಿಸಿದ್ದಾನೆ. ರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿಯಾಡಿ, ಕೊನೆಗೆ ಕುದುರೆ ಏರುತ್ತಿದ್ದನು. ಇಲ್ಲಿಯ ಅನುಕ್ರಮವನ್ನು ಗಮನಿಸಬೇಕು. ಭಾರ ಮೊದಲು, ಆಯುಧ ಅನಂತರ, ಜೋಡಿ ಅದರಿಂದಾಚೆಗೆ. ಸೋಮೇಶ್ವರನ ಭಾರಶ್ರಮವು ನಾಲ್ಕು ಶತಮಾನಗಳ ಮೇಲೆ ವಿಜಯನಗರದಲ್ಲಿ ಮತ್ತೆ ಕಣ್ಣಿಗೆ ಬೀಳುತ್ತದೆ. ಆದರೂ ಪಾಯೆಸನು ಕಂಡದ್ದು ಅಭ್ಯಾಸ ಬಲಿತ ಅರಸನನ್ನು, ಕಲಿಯುವ ಬಾಲಕನನ್ನಲ್ಲ.

ಬರೆಹದಲ್ಲಿ ಬಿಟ್ಟುಹೋದುದು ಉಳಿದುಕೊಂಡದ್ದು ಗರಡಿಯಲ್ಲಿ. ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಕಿರುಬಾಗಿಲು, ಮಬ್ಬುಬೆಳಕು, ಗೋಡೆಯ ಗೂಡಿನಲ್ಲಿ ಹನುಮಂತ, ಎಣ್ಣೆ ಮಜ್ಜಿಗೆ ಅರಿಶಿನಗಳನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡುಗಳು. ಮೈಸೂರು ಸೀಮೆಯ ಹಳೆಯ ಗರಡಿಗಳನ್ನು ನೋಡಿದವರಿಗೆ ಈ ಚಿತ್ರ ಪರಿಚಿತ. ಇಲ್ಲಿ ಹೊಸಬನನ್ನು ಬಂದ ದಿನವೇ ಜೋಡಿಗೆ ಬಿಡುವ ವಾಡಿಕೆಯಿಲ್ಲ. ಅವನ ಮೊದಲ ಕೆಲಸ ಮಣ್ಣನ್ನು ಅಗೆದು ಸಡಿಲಿಸುವುದು. ಅದೇ ಒಂದು ಸಾಮು. ಅನಂತರ ದಂಡ, ಬಸ್ಕಿ. ಆಮೇಲೆ ನಿಲ್ಲುವ ರೀತಿ: ಮಂಡಿ ಸ್ವಲ್ಪ ಬಾಗಿರಬೇಕು, ಸೊಂಟ ತಗ್ಗಿರಬೇಕು, ಕೈಗಳು ಮುಂದಿರಬೇಕು, ಎರಡು ಕಾಲೂ ಒಂದೇ ಗೆರೆಯಲ್ಲಿರಬಾರದು. ಬೀಳುವುದನ್ನೂ ಕಲಿಯಬೇಕು, ಏಕೆಂದರೆ ಬೀಳಲು ಅಂಜುವವನು ನಿಲ್ಲಲಾರ. ಇಷ್ಟಾದ ಮೇಲೆ ಒಂದು ಪಟ್ಟು, ಅದರ ಬೆನ್ನಿಗೇ ಅದನ್ನು ಬಿಡಿಸಿಕೊಳ್ಳುವ ಎದುರುಪಟ್ಟು. ವಸ್ತಾದನು ಬಾಯಿಂದ ಹೇಳುವುದು ಕಡಿಮೆ. ಕಾಲಿನಿಂದ ಶಿಷ್ಯನ ಕಾಲನ್ನು ಸರಿಸುವುದೇ ಹೆಚ್ಚು. ಮೈಸೂರಿನ ಜಟ್ಟಿಗಳ ವಜ್ರಮುಷ್ಟಿಯು ಇನ್ನೂ ಕಠಿಣವಾದುದು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಆ ಕಾಳಗ ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ನೋಡುವವರಿಗೆ ಅದು ಕ್ಷಣಗಳ ವಿಷಯ. ಆ ಕ್ಷಣಕ್ಕಾಗಿ ಮನೆತನಗಳೊಳಗೆ ತಲೆಮಾರುಗಳಿಂದ ಹರಿದುಬಂದ ಪಾಠ ಅರಮನೆಯ ಅಂಗಳದಲ್ಲಿ ಕಾಣುವುದಿಲ್ಲ.

ಇನ್ನು ಎರಡನೆಯ ಸಾಕ್ಷ್ಯ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ ಸ್ಟ್ರೀಟ್ ಫೈಟರ್ ಎಂಬ ಆಟ 1987ರಲ್ಲಿಯೂ ಅದರ ಎರಡನೆಯ ಭಾಗ 1991ರಲ್ಲಿಯೂ ಬಂದವು. ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಯ ಆಟಗಳಿವು. ಎರಡನೆಯದರಲ್ಲಿ ಒಂದು ಹಿಡಿಕಡ್ಡಿ, ಆರು ಗುಂಡಿ: ಗುದ್ದಿಗೆ ಮೂರು, ಒದೆತಕ್ಕೆ ಮೂರು, ಲಘು, ಮಧ್ಯಮ, ಪ್ರಬಲ ಎಂಬ ಕ್ರಮದಲ್ಲಿ. ಇತ್ತ ನಿಂಟೆಂಡೊ ಸಂಸ್ಥೆ 1989ರಲ್ಲಿ ಗೇಮ್ ಬಾಯ್ ಎಂಬ ಅಂಗೈ ಯಂತ್ರವನ್ನು ಹೊರತಂದಿತ್ತು. ಅಡ್ಡಲಾಗಿ 160, ಉದ್ದಕ್ಕೆ 144 ಬಿಂದುಗಳ ಸಣ್ಣ ತೆರೆ, ನಾಲ್ಕೇ ಛಾಯೆಗಳು, ನಾಲ್ಕು ಬ್ಯಾಟರಿ. ಎಡ ಹೆಬ್ಬೆರಳಿಗೆ ಸಂಕಲನ ಚಿಹ್ನೆಯ ಆಕಾರದ ದಿಕ್ಕಿನ ಗುಂಡಿ. ಇದು ಗುನ್‌ಪೆಯ್ ಯೊಕೊಯ್ ಎಂಬಾತನು 1982ರ ಒಂದು ಅಂಗೈ ಆಟಕ್ಕಾಗಿ ರೂಪಿಸಿದ್ದ ಉಪಾಯ. ಬಲ ಹೆಬ್ಬೆರಳಿಗೆ ಕಾದಾಡಲು ಎರಡೇ ಗುಂಡಿ. 1995ರಲ್ಲಿ ಆರು ಗುಂಡಿಗಳ ಕಾಳಗವನ್ನು ಈ ಎರಡು ಗುಂಡಿಗಳೊಳಗೆ ಇಳಿಸಬೇಕಾಯಿತು.

ಚರಿತ್ರಕಾರನಿಗೆ ಇಂತಹ ಸಂದರ್ಭಗಳು ಬಹು ಉಪಯುಕ್ತ. ಗಂಟನ್ನು ಚಿಕ್ಕದು ಮಾಡಿ ಹೊರಡಬೇಕಾದವನು ಯಾವುದನ್ನು ಬಿಟ್ಟ, ಯಾವುದನ್ನು ಕಟ್ಟಿಕೊಂಡ ಎಂಬುದರಿಂದ ಅವನಿಗೆ ಯಾವುದು ಮೂಲಧನವೆಂಬುದು ಗೊತ್ತಾಗುತ್ತದೆ. ಇಲ್ಲಿ ಬಣ್ಣ ಹೋಯಿತು; ಹೊಡೆತದ ಮೂರು ಮಟ್ಟಗಳಿಗೆ ಬೇರೆ ಬೇರೆ ಗುಂಡಿಗಳಿದ್ದುದು ಹೋಗಿ, ಮೆಲ್ಲನೆ ತಟ್ಟಿದರೆ ಲಘು, ಒತ್ತಿ ಹಿಡಿದರೆ ಪ್ರಬಲ ಎಂಬ ಏರ್ಪಾಡು ಬಂದಿತು. ಹೋರಾಳಿಗಳಲ್ಲಿ ಒಂಬತ್ತು ಮಂದಿ ಉಳಿದರು. ಕೈಬಿಟ್ಟವರಲ್ಲಿ ಭಾರತದ ಯೋಗಿಯೆಂದು ಕಲ್ಪಿತನಾದ ಧಾಲ್ಸಿಮ್ ಒಬ್ಬ. ಕೈಕಾಲುಗಳನ್ನು ಮಾರುದ್ದ ಚಾಚಿ ದೂರದಿಂದಲೇ ಹೊಡೆಯುವ ಆ ವಿಚಿತ್ರ ವ್ಯಕ್ತಿ ನಮ್ಮ ಯೋಗಶಾಸ್ತ್ರಕ್ಕೆ ಅಷ್ಟೇನೂ ಗೌರವ ತರುವವನಲ್ಲವಾದರೂ, ಅಂತರವನ್ನು ಅಳೆಯುವ ಪಾಠಕ್ಕೆ ಅವನಷ್ಟು ಒಳ್ಳೆಯ ಉಪಾಧ್ಯಾಯ ಆ ಆಟದಲ್ಲಿ ಬೇರೆ ಇರಲಿಲ್ಲ.

ಉಳಿದುಕೊಂಡದ್ದು ಏನು? ವಿದ್ಯಾರ್ಥಿಯೊಬ್ಬನಿಂದ ಎರವಲು ಪಡೆದ ಯಂತ್ರದಲ್ಲಿ ಕೆಲವು ವಾರ ಅಭ್ಯಾಸ ಮಾಡಿ ಕಂಡುಕೊಂಡುದನ್ನು ಇಲ್ಲಿ ಹೇಳಬಹುದು. ಎದುರಾಳಿಯಿಂದ ದೂರದ ಕಡೆಗೆ ದಿಕ್ಕಿನ ಗುಂಡಿಯನ್ನು ಒತ್ತಿ ಹಿಡಿದರೆ ಅದೇ ತಡೆ. ಕಾಲಿಗೆ ಬರುವ ಹೊಡೆತವನ್ನು ಕುಳಿತು ತಡೆಯಬೇಕು; ನೆಗೆದು ಬರುವ ಹೊಡೆತವನ್ನು ನಿಂತು ತಡೆಯಬೇಕು. ತಡೆಯುತ್ತಲೇ ಇರುವವನನ್ನು ಹತ್ತಿರ ಹೋಗಿ ಹಿಡಿದು ಎಸೆಯಬಹುದು. ಹಿಡಿಯಲು ಬರುವವನನ್ನು ಅವನು ಹತ್ತಿರವಾಗುವ ಮೊದಲೇ ಹೊಡೆಯಬಹುದು. ಹೀಗೆ ಹೊಡೆತಕ್ಕೆ ತಡೆ, ತಡೆಗೆ ಹಿಡಿತ, ಹಿಡಿತಕ್ಕೆ ಹೊಡೆತ ಎಂಬ ಚಕ್ರ ಸುತ್ತುತ್ತದೆ. ಪಟ್ಟು-ಎದುರುಪಟ್ಟುಗಳ ನ್ಯಾಯವಲ್ಲದೆ ಇದು ಬೇರೆಯಲ್ಲ. ಆರು ಗುಂಡಿ ಎರಡಾದರೂ ಈ ಚಕ್ರ ಮುರಿಯಲಿಲ್ಲ. ಅದೇ ಮೊದಲ ಪಾಠ.

ಆದರೆ ಹೊಸಬರು ಪ್ರಾರಂಭಿಸುವುದು ಇಲ್ಲಿಂದಲ್ಲ. ಅವರಿಗೆ ಮೊದಲು ಬೇಕಾಗುವುದು ವಿಶೇಷ ಹೊಡೆತಗಳು. ರ್ಯು ಎಂಬ ಹೋರಾಳಿಯ ಅಂಗೈಯಿಂದ ಬೆಂಕಿಯುಂಡೆಯಂತಹುದನ್ನು ಚಿಮ್ಮಿಸಲು ಹೆಬ್ಬೆರಳು ಕೆಳಕ್ಕೆ, ಅಲ್ಲಿಂದ ಓರೆಯಾಗಿ ಮುಂದಕ್ಕೆ, ಅಲ್ಲಿಂದ ನೇರ ಮುಂದಕ್ಕೆ ಜಾರಿ, ಅದು ನಿಲ್ಲುವ ಹೊತ್ತಿಗೆ ಗುದ್ದಿನ ಗುಂಡಿ ಬೀಳಬೇಕು. ಗೈಲ್ ಎಂಬವನಿಗೆ ಬೇರೆ ಕ್ರಮ: ಹಿಂದಕ್ಕೆ ಕ್ಷಣಕಾಲ ಒತ್ತಿ ಹಿಡಿದು, ತಟಕ್ಕನೆ ಮುಂದಕ್ಕೊತ್ತಿ ಗುದ್ದಬೇಕು. ಆಟದ ಜೊತೆಗೆ ಬರುವ ಕೈಪಿಡಿಗಳಲ್ಲಿ ಮುದ್ರಿತವಾಗುವುದು ಮುಖ್ಯವಾಗಿ ಇಂತಹ ಹೊಡೆತಗಳ ಪಟ್ಟಿ. ಅದನ್ನು ಬಾಯಿಪಾಠ ಮಾಡಿದ ಹುಡುಗನು ಬೆಂಕಿಯುಂಡೆಯನ್ನೇ ಎಸೆಯುತ್ತ ಹೋಗಿ, ಎದುರಾಳಿ ಅದರ ಮೇಲೆ ನೆಗೆದು ಬಂದೊಡನೆ ಪೆಟ್ಟು ತಿಂದು ಬೀಳುತ್ತಾನೆ. ಯಾವ ದೂರದಿಂದ ಎಸೆದರೆ ಕ್ಷೇಮ ಎಂಬುದು ಪಟ್ಟಿಯಲ್ಲಿ ಇಲ್ಲ. ಮಲ್ಲವಿನೋದದಲ್ಲಿ ಪಟ್ಟಿನ ಹೆಸರುಂಟು, ಕಾಲಿಡುವ ಜಾಗವಿಲ್ಲ. ಕೈಪಿಡಿಯಲ್ಲಿ ಹೊಡೆತದ ಕ್ರಮವುಂಟು, ಅಂತರದ ಲೆಕ್ಕವಿಲ್ಲ. ಎಂಟುನೂರ ಅರವತ್ತು ವರ್ಷಗಳಿಗೂ ಹೆಚ್ಚಿನ ಅಂತರವುಳ್ಳ ಎರಡು ಬರೆಹಗಳು ಒಂದೇ ಕಡೆಯಲ್ಲಿ ಮೌನ ತಾಳುವುದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಬರೆಹಕ್ಕೆ ಒಗ್ಗುವುದು ಹೆಸರು ಮತ್ತು ಕ್ರಮ. ಅಂತರವೂ ಲಯವೂ ಇನ್ನೊಬ್ಬನಿದ್ದಲ್ಲದೆ ಹುಟ್ಟುವಂತಹವಲ್ಲ.

ಆ ಇನ್ನೊಬ್ಬನ ವಿಷಯದಲ್ಲಿಯೇ ಎರಡು ವಿದ್ಯೆಗಳೂ ಬೇರ್ಪಡುತ್ತವೆ. ಗರಡಿಯ ಜೋಡಿಯು ತಾನೂ ಕಲಿಯುತ್ತಾನೆ. ನಿನ್ನೆ ಬಿದ್ದ ಪಟ್ಟಿಗೆ ಇಂದು ಬೀಳುವುದಿಲ್ಲ. ಎಳೆಯನೆಂದು ಕಂಡರೆ ಬಲವನ್ನು ತಗ್ಗಿಸುತ್ತಾನೆ. ಅಂಗೈ ಯಂತ್ರದೊಳಗಿನ ಎದುರಾಳಿಗೆ ಇವೆರಡೂ ಇಲ್ಲ. ಒಂದೇ ಉಪಾಯಕ್ಕೆ ಅವನು ನೂರು ಸಲ ಮೋಸಹೋಗುತ್ತಾನೆ; ಮಕ್ಕಳೆಂದು ಕನಿಕರಿಸುವುದೂ ಇಲ್ಲ. ಇವನನ್ನು ಸೋಮೇಶ್ವರನ ಪರಿಭಾಷೆಯಲ್ಲಿ ಸ್ತಂಭವೆಂದು ಕರೆಯುವುದೇ ಯುಕ್ತ. ಕಂಬ ತಿರುಗಿ ಹೊಡೆಯುವುದಿಲ್ಲ, ಇದು ಹೊಡೆಯುತ್ತದೆ ಎಂಬುದಷ್ಟೇ ಭೇದ. ಸ್ತಂಭಶ್ರಮದಿಂದ ಮೈ ಪಳಗುತ್ತದೆ. ಮಲ್ಲನಾಗಲು ಜೋಡಿ ಬೇಕು. ಇದನ್ನು ತಯಾರಕರೂ ಅರಿತಿದ್ದರು. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಇಬ್ಬರು ಆಡುವ ಅನುಕೂಲ ಗೇಮ್ ಬಾಯ್‌ಗೆ ಮೊದಲಿನಿಂದಲೇ ಇತ್ತು. 1999ರಲ್ಲಿ ಎಸ್‌ಎನ್‌ಕೆ ಸಂಸ್ಥೆಯ ನಿಯೊ ಜಿಯೊ ಪಾಕೆಟ್ ಕಲರ್ ಎಂಬ ಯಂತ್ರಕ್ಕಾಗಿ ಆ ಸಂಸ್ಥೆಯ ಹೋರಾಳಿಗಳನ್ನೂ ಕ್ಯಾಪ್‌ಕಾಮಿನ ಹೋರಾಳಿಗಳನ್ನೂ ಒಂದೇ ಅಖಾಡಕ್ಕೆ ಇಳಿಸಿದ ಆಟ ಬಂದಾಗ, ಅದರಲ್ಲಿಯೂ ಗುಂಡಿಗಳು ಎರಡೇ, ತಂತಿಯ ಜೋಡಿಯೂ ಹಾಗೆಯೇ. ಮೊದಲ ಸ್ಟ್ರೀಟ್ ಫೈಟರನ್ನು ರೂಪಿಸಿದ ತಕಾಶಿ ನಿಶಿಯಾಮ ಆ ಬಳಿಕ ಎಸ್‌ಎನ್‌ಕೆಗೆ ಹೋಗಿ ಅಲ್ಲಿಯೂ ಕಾಳಗದಾಟಗಳನ್ನು ಕಟ್ಟಿದವನು. ಒಂದು ಗರಡಿಯಲ್ಲಿ ಪಳಗಿದವನು ಮತ್ತೊಂದು ಗರಡಿಗೆ ವಸ್ತಾದನಾಗಿ ಹೋದರೆ ಎರಡು ಗರಡಿಗಳ ವರಸೆಗಳಲ್ಲಿ ನೆಂಟಸ್ತಿಕೆ ಕಾಣುವುದು ಸಹಜವೇ.

ದೇಹಶ್ರಮವಿಲ್ಲದ ಕಾಳಗ ಕಾಳಗವೇ ಅಲ್ಲವೆಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹೆಬ್ಬೆರಳಿನ ಸಾಮು ತೋಳಿಗೆ ಬಲ ತರುವುದಿಲ್ಲ. ಆದರೆ ಆ ತೀರ್ಪು ಬೇರೆ, ಆಕರದ ಬೆಲೆ ಬೇರೆ. ಗರಡಿಯ ವಿದ್ಯೆ ಇರುವುದು ವಸ್ತಾದರ ಮೈಯಲ್ಲಿ. ಅವರೊಡನೆ ಅದು ಹೋಗುತ್ತದೆ. ಬೆಂಗಳೂರಿನ ಕರಗದಲ್ಲಿ ವೀರಕುಮಾರರ ಸೇವೆಗೆ ಗರಡಿಯ ಸಂಬಂಧ ಇಂದಿಗೂ ಉಳಿದಿರುವುದರಿಂದ ಪೇಟೆಯ ಗರಡಿಗಳಿಗೆ ಒಂದು ಆಸರೆಯುಂಟು. ಈ ಭಾಗ್ಯ ಎಲ್ಲ ಊರಿನ ಗರಡಿಗಳಿಗೂ ಇಲ್ಲ. ಅಂಗೈ ಯಂತ್ರಗಳ ಗತಿಯೂ ಮೇಲಲ್ಲ. ಎಸ್‌ಎನ್‌ಕೆ ಸಂಸ್ಥೆ 2001ರಲ್ಲಿ ದಿವಾಳಿಯಾಯಿತು. ಹಳೆಯ ಯಂತ್ರದ ತೆರೆಯ ಮೇಲೆ ಗೆರೆಗಳು ಮೂಡಿದರೆ ಸರಿಪಡಿಸುವವರನ್ನು ಹುಡುಕಿಕೊಂಡು ಹೋಗಬೇಕು.

ಇದರಿಂದ ನಮ್ಮ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದಲ್ಲಿ ಒಂದು ಬದಲಾವಣೆ ಆವಶ್ಯಕವೆಂದು ತೋರುತ್ತದೆ. ಊರ ಗರಡಿಗೆ ಹೋದವರು ಈವರೆಗೆ ಪದಕಗಳನ್ನೂ ಹಳೆಯ ಭಾವಚಿತ್ರಗಳನ್ನೂ ಗೆದ್ದ ಕುಸ್ತಿಗಳ ಲೆಕ್ಕವನ್ನೂ ಬರೆದುಕೊಂಡು ಬರುತ್ತಿದ್ದಾರೆ. ಇದೆಲ್ಲ ಬೇರೆ ಕಡೆಯೂ ಸಿಕ್ಕೀತು. ಮುಪ್ಪಿನ ಪೈಲ್ವಾನರನ್ನು ಮೊದಲು ಕೇಳಬೇಕಾದುದು, ಅವರು ಮಟ್ಟಿಗೆ ಇಳಿದ ಆ ಮೊದಲ ವಾರ ವಸ್ತಾದರು ಅವರ ಕಾಲನ್ನು ಎಲ್ಲಿ ಇಡಿಸಿದರು, ಎಷ್ಟು ದಿನ ಜೋಡಿ ಕೊಡದೆ ಕಾಯಿಸಿದರು ಎಂಬುದು. ಸಾಧ್ಯವಾದರೆ ಅವರು ನಿಂತು ತೋರಿಸಿದ ಭಂಗಿಯಲ್ಲಿ ಎರಡು ಪಾದಗಳ ನಡುವಣ ಅಂತರವನ್ನು ಗೇಣಿನಲ್ಲಿ ಅಳೆದು ಬರೆದುಕೊಳ್ಳಬೇಕು.