ಬೆಳ್ಳಿಯ ನಾಣ್ಯದ ಅಂಚು

ಪ್ರಾಚೀನ ನಾಣ್ಯಗಳನ್ನು ಸಂಗ್ರಹಿಸುವವರು ಮೊದಲು ನೋಡುವುದು ಅರಸನ ಮುಖವನ್ನು, ಬಳಿಕ ಇಸವಿಯನ್ನು. ಇಂಗ್ಲೆಂಡಿನ ಹಳೆಯ ಬೆಳ್ಳಿಯ ನಾಣ್ಯಗಳಲ್ಲಾದರೋ ಅಂಚನ್ನೂ ನೋಡಬೇಕೆಂದು ನಾವು ಹೇಳುತ್ತೇವೆ. ಅಲ್ಲಿನ ಜನರ ನಂಬಿಕೆ ವಂಚನೆಗಳ ಕಥೆಯು ಆ ಅಂಚಿನಲ್ಲಿಯೇ ಅಡಗಿದೆ.

ಹಿಂದೆ ಅಲ್ಲಿ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇರಿಸಿ, ಸುತ್ತಿಗೆಯಿಂದ ಬಡಿದು ಟಂಕಿಸುತ್ತಿದ್ದರು. ಕೈಕೆಲಸವಾದುದರಿಂದ ಅಂಚು ಸಮನಾಗಿರುತ್ತಿರಲಿಲ್ಲ. ನಾಣ್ಯದ ಬೆಲೆಯೋ ಅದರೊಳಗಿನ ಬೆಳ್ಳಿಯನ್ನೇ ಅವಲಂಬಿಸಿತ್ತು. ಆದಕಾರಣ ದುರಾಶೆಯುಳ್ಳವರು ಅಂಚನ್ನು ಕತ್ತರಿಸಿ, ಚೂರುಗಳನ್ನು ಕರಗಿಸಿಕೊಂಡು, ಮಿಕ್ಕುದನ್ನು ಪೂರ್ಣ ಬೆಲೆಗೆ ಚಲಾಯಿಸುತ್ತಿದ್ದರು. 1247ರಲ್ಲಿ, ಮೂರನೆಯ ಹೆನ್ರಿಯ ಕಾಲದಲ್ಲಿ, ಪೆನ್ನಿಯ ಹಿಂಬದಿಯ ಶಿಲುಬೆಯ ತೋಳುಗಳನ್ನು ಅಂಚಿನವರೆಗೂ ಚಾಚಿದರು. ಕತ್ತರಿಸಿದರೆ ಒಡನೆ ಕಣ್ಣಿಗೆ ಬೀಳಲೆಂಬುದೇ ಉದ್ದೇಶ. ಮುಂದೆ ಈ ಅಪರಾಧಕ್ಕೆ ಮರಣದಂಡನೆಯನ್ನು ವಿಧಿಸಿದರೂ ಕತ್ತರಿಯು ನಿಲ್ಲಲಿಲ್ಲ.

1662ರಲ್ಲಿ ಎರಡನೆಯ ಚಾರ್ಲ್ಸನು ಯಂತ್ರದಿಂದ ಟಂಕಿಸಿದ ನಾಣ್ಯಗಳನ್ನು ಹೊರಡಿಸಿದನು. ಕ್ರೌನ್ ಎಂಬ ದೊಡ್ಡ ನಾಣ್ಯದ ಅಂಚಿನ ಮೇಲೆ ‘ಭೂಷಣವೂ ರಕ್ಷಣೆಯೂ’ ಎಂಬರ್ಥದ ಲ್ಯಾಟಿನ್ ಅಕ್ಷರಗಳಿದ್ದವು. ಆದರೆ ಹಳೆಯವೂ ಚಲಾವಣೆಯಲ್ಲಿದ್ದುದರಿಂದ ಜನರು ತೂಕವುಳ್ಳ ಹೊಸದನ್ನು ಬಚ್ಚಿಟ್ಟು, ಸವೆದುದನ್ನೇ ಕೊಡತೊಡಗಿದರು.

ಕೊನೆಗೆ 1696ರಲ್ಲಿ, ಮೂರನೆಯ ವಿಲಿಯಮನ ಕಾಲದಲ್ಲಿ, ಹಳೆಯ ಬೆಳ್ಳಿಯನ್ನು ಕರಗಿಸಿ ಪುನಃ ಟಂಕಿಸುವ ಮಹಾಕಾರ್ಯವು ಆರಂಭವಾಯಿತು. ವಿಜ್ಞಾನಿ ನ್ಯೂಟನನು ಟಂಕಸಾಲೆಯ ಅಧಿಕಾರಿಯಾದುದು ಅದೇ ವರ್ಷ. ಲಂಡನ್ನಿನ ಟಂಕಸಾಲೆಯೊಂದೇ ಸಾಲದೆ ಬ್ರಿಸ್ಟಲ್, ಚೆಸ್ಟರ್, ಎಕ್ಸೆಟರ್, ನಾರಿಚ್, ಯಾರ್ಕ್ ನಗರಗಳಲ್ಲಿಯೂ ಟಂಕಸಾಲೆಗಳು ಎದ್ದವು. ಅರಸನ ಮುಖದ ಕೆಳಗೆ ಆಯಾ ಊರಿನ ಮೊದಲಕ್ಷರವಿರುವ ಈ ನಾಣ್ಯಗಳನ್ನು ಸಂಗ್ರಾಹಕರು ಇಂದಿಗೂ ಅರಸುತ್ತಾರೆ. ವೆಚ್ಚಕ್ಕಾಗಿ ಮನೆಯ ಕಿಟಕಿಗಳ ಮೇಲೆ ತೆರಿಗೆ ಬಿದ್ದಿತು.

ಆದರೆ ಈ ಸುಧಾರಣೆಯ ಭಾರವು ಯಾರ ಮೇಲೆ ಬಿದ್ದಿತು? ಕತ್ತರಿಸಿದ ನಾಣ್ಯವನ್ನು ತೆರಿಗೆಯ ರೂಪದಲ್ಲಿ, ಗೊತ್ತಾದ ಅವಧಿಯವರೆಗೆ ಮಾತ್ರ ಸರಕಾರವು ಪೂರ್ಣ ಬೆಲೆಗೆ ಸ್ವೀಕರಿಸಿತು. ತೆರಿಗೆ ಸಲ್ಲಿಸಬೇಕಾದ ಸಿರಿವಂತನು ನಷ್ಟದಿಂದ ಪಾರಾದನು. ತೆರಿಗೆಯೇ ಇಲ್ಲದ ಕೂಲಿಕಾರನ ಕೈಯಲ್ಲಿ ಸವೆದ ನಾಣ್ಯವು ಉಳಿಯಿತು. ಕತ್ತರಿಸಿದವನು ಒಬ್ಬನು, ತೆತ್ತವನು ಇನ್ನೊಬ್ಬನು.

ದುಂಡಗೆ ಉಳಿದ ಹಳೆಯ ನಾಣ್ಯವು ವಿರಳ. ಅದಕ್ಕೆ ಬೆಲೆಯೂ ಹೆಚ್ಚು. ಚರಿತ್ರೆಯ ವಿದ್ಯಾರ್ಥಿಗಾದರೋ ಅಂಚು ಹರಿದ ನಾಣ್ಯವೂ ಅಮೂಲ್ಯವೇ. ಅದನ್ನು ಉಜ್ಜಿ ಹೊಳೆಯಿಸದೆ, ಇದ್ದಂತೆಯೇ ಕಾಪಾಡಬೇಕು.

ನಮ್ಮ ಹಿರಿಯರ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿಯ ರೂಪಾಯಿಯಿದ್ದರೆ ಮಕ್ಕಳು ಅದರ ಅಂಚನ್ನೊಮ್ಮೆ ಬೆರಳಿನಿಂದ ಸವರಿ ನೋಡಲಿ. ಅಲ್ಲಿಯ ಸಣ್ಣ ಗೆರೆಗಳು ಬರಿಯ ಅಲಂಕಾರವಲ್ಲ. ಕತ್ತರಿಗೆ ಒಡ್ಡಿದ ಹಳೆಯ ಕಾವಲೆಂಬುದು ಆಗ ತಿಳಿದೀತು.