ಭಂಗಿಯ ಬಂಧು ಗೋರ್ಕಲು

ಯಲ್ಲಾಪುರ ಸೀಮೆಯ ನಂದೊಳ್ಳಿಯಂಥ ಮಲೆಯೂರುಗಳಲ್ಲಿ, ಕಾಡು ಕಡಿದು ಬಯಲಾದ ನೆಲದಲ್ಲಿ ಮಿಕ್ಕವಕ್ಕಿಂತ ಮೊದಲೇ ತಲೆಯೆತ್ತುವ ಗೋರ್ಕಲು ಮರವು, ಸಸ್ಯಶಾಸ್ತ್ರಜ್ಞರ ಈಚಿನ ವರ್ಗೀಕರಣದಂತೆ ಭಂಗಿಯ ಕುಲಬಾಂಧವನೆಂದರೆ ನಂಬುವವರು ವಿರಳ. ಅಮಲಿನ ಗುಣ ಇದಕ್ಕೆ ಬಂದಿಲ್ಲ, ನಾರಿನ ಗುಣ ಬಂದಿದೆ. ಎಲೆಯ ಮೈ ಒರಟು, ಬುಡ ತುಸು ಓರೆ. ಎಳೆಗೊಂಬೆಯ ಸಿಪ್ಪೆಯನ್ನು ಉದ್ದಕ್ಕೆ ಸುಲಿದರೆ ಹೊರೆ ಬಿಗಿಯಲು ಸಾಲುವ ಹುರಿ ಸಿದ್ಧ. ಹಗುರವಾದ ಇದರ ಕಟ್ಟಿಗೆಯ ಇದ್ದಿಲು ಹಿಂದೆ ಕೋವಿಮದ್ದಿಗೆ ಒದಗುತ್ತಿದ್ದಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರವು ಕುಮರಿ ಬೇಸಾಯಕ್ಕೆ ಕಡಿವಾಣ ಹಾಕುವವರೆಗೆ, ಸುಟ್ಟು ಬಿತ್ತಿ ಬಿಟ್ಟುಹೋದ ಇಳಿಜಾರುಗಳು ಇಂಥ ಮರಗಳಿಗೆ ಹೇಳಿ ಮಾಡಿಸಿದ ನೆಲೆಯಾಗಿದ್ದುವು. ಇದೇ ಕುಟುಂಬದ ಹಾಪ್ಸ್ ಬಳ್ಳಿ ಯುರೋಪಿನಲ್ಲಿ ಬಿಯರಿಗೆ ಕಹಿಯನ್ನಿತ್ತು ಖ್ಯಾತವಾಯಿತು. ಆ ಭಾಗ್ಯವಿಲ್ಲದ ಗೋರ್ಕಲಿಗೆ, ಕೆನರಾ ಕಾಡುಗಳನ್ನು ಬಲ್ಲ ಅರಣ್ಯಾಧಿಕಾರಿ ಟಾಲ್ಬಟ್ 1909 ಮತ್ತು 1911ರಲ್ಲಿ ಹೊರತಂದ ಮುಂಬಯಿ ಪ್ರಾಂತದ ಅರಣ್ಯಸಸ್ಯ ಗ್ರಂಥದಲ್ಲಿ ಸ್ಥಾನ ದೊರೆತಿದೆ.